ದೋಣಿಗಟ್ಟೆಯಲ್ಲಿ ಹಿಮ

ಅಚ್ಚಿನ ಚಿತ್ರದಲ್ಲಿ ಹಿಮವನ್ನು ಯಾರೂ ಬರೆಯುವುದಿಲ್ಲ. ಹಿಮಕ್ಕೆ ಬಣ್ಣವಿಲ್ಲ, ಗೆರೆಯೂ ಇಲ್ಲ. ಎಲ್ಲಿ ಹಿಮವಿರಬೇಕೋ ಅಲ್ಲಿ ಹಲಗೆಯ ಮರವನ್ನು ಉಳಿಯಿಂದ ತಗ್ಗು ಮಾಡುತ್ತೇವೆ. ತಗ್ಗಿಗೆ ಶಾಯಿ ತಾಗುವುದಿಲ್ಲ, ಕಾಗದ ಬೆಳ್ಳಗೆ ಉಳಿಯುತ್ತದೆ. ನಮ್ಮ ಮನೆಯಲ್ಲಿ ಗೆರೆ ಕೆತ್ತುವುದು ಅಪ್ಪನ ಕೆಲಸ, ಗೆರೆಗಳ ನಡುವಿನ ಬೇಡದ ಮರ ತೆಗೆಯುವುದು ನನ್ನದು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅಪ್ಪನ ಬಳಿ ಕೆಲಸಕ್ಕಿದ್ದವನು ಬಲ್ಬು ಮಾಡುವ ಕಾರ್ಖಾನೆಗೆ ಹೋಗಿಬಿಟ್ಟ. ಮಾರನೆಯ ದಿನದಿಂದ ನಾನು ಶಾಲೆ ಬಿಟ್ಟೆ. ಅಷ್ಟೇನೂ ಬೇಸರವಾಗಲಿಲ್ಲ. ಶಾಲೆಯಲ್ಲಿ ಎದ್ದು ನಿಂತು ಓದಬೇಕಿತ್ತು. ಹಲಗೆಯ ಮುಂದೆ ಬಾಯಿ ಬಿಡಬೇಕಾಗಿರಲಿಲ್ಲ.

"ಕಾಗದಕ್ಕೆ ಹಚ್ಚೋ ಅಂಟನ್ನ ಇವಳ ಬಾಯಿಗೂ ಹಚ್ಚಿದ್ಯೇನೋ ತೊಕು?" ಎಂದು ಅಸತಾರೊ ಮಾಮ ಅಪ್ಪನನ್ನು ಕೇಳುತ್ತಿದ್ದರು. ಅವರದು ಓಣಿಯ ಕೊನೆಯ ಮನೆ. ಅಪ್ಪ ಕೆತ್ತಿದ ಹಲಗೆಗಳಿಂದ ಕಾಗದದ ಮೇಲೆ ಅಚ್ಚು ಒತ್ತುವವರು ಅವರು.

"ನಿಮ್ಮ ಮಾತು ಮುಗಿದ್ರೆ ತಾನೆ ಅವಳು ಶುರು ಮಾಡೋದು," ಎಂದು ಅಕ್ಕ ತಿರುಗೇಟು ಕೊಡುತ್ತಿದ್ದಳು. ನನ್ನ ಪರವಾಗಿ ಮಾತಾಡುವುದು ಅವಳ ಕೆಲಸವೇ ಆಗಿತ್ತು. ಸೊಪ್ಪಿನವನ ಹತ್ತಿರ, ಮೀನಿನವನ ಹತ್ತಿರ, ಓಣಿಯವರೆಲ್ಲ ಹೋಗುವ ಸ್ನಾನದ ಮನೆಯಲ್ಲಿ, ಎಲ್ಲ ಕಡೆ. ಅವಳ ಹೆಸರು ಮಿನೆ.

ನಾನು ಚಿಕ್ಕವಳಿದ್ದಾಗ ಊರನ್ನೇ ಸುಟ್ಟ ಭೂಕಂಪದ ದಿನದ ಬೆಂಕಿಯಲ್ಲಿ ಅಮ್ಮ ಹೋದಳು. ಮನೆಯೂ ಹೋಯಿತು, ಮನೆಯಲ್ಲಿದ್ದ ಒಂದೇ ಫೋಟೋ ಕೂಡ. ಅಮ್ಮನ ಮುಖ ಹೇಗಿತ್ತೆಂದು ನಾನು ಅಕ್ಕನನ್ನು ಕೇಳಿದಾಗೆಲ್ಲ ಅವಳು ಒಂದೊಂದು ರೀತಿ ಹೇಳುತ್ತಿದ್ದಳು. ಒಮ್ಮೆ ದುಂಡು ಮುಖ ಎನ್ನುವಳು, ಇನ್ನೊಮ್ಮೆ ಉದ್ದ ಎನ್ನುವಳು. ಕೊನೆಗೆ ನಾನು ಕೇಳುವುದನ್ನೇ ಬಿಟ್ಟೆ.

ಅಕ್ಕನಿಗೆ ಹತ್ತೊಂಬತ್ತು ತುಂಬಿದ ಚಳಿಗಾಲದಲ್ಲಿ ತೊಗಾವಾ ಗುರುಗಳು ದೋಣಿಗಟ್ಟೆಯ ಹಿಮದ ಚಿತ್ರ ಬರೆಯಲು ನಮ್ಮ ಕಡೆಗೆ ಬಂದರು. ಗುರುಗಳ ಚಿತ್ರಗಳನ್ನು ಅಚ್ಚು ಮಾಡಿಸಿ ಮಾರುವ ಅಂಗಡಿಯ ನುಮಾತಾ ಅವರು ಜೊತೆಯಲ್ಲಿದ್ದರು. ಅಪ್ಪನಿಗೆ ಕೆಲಸ ಕೊಡುವ ಅಂಗಡಿ ಅದೊಂದೇ ಉಳಿದಿತ್ತು. ಚಿತ್ರದಲ್ಲಿ ಕೊಡೆ ಹಿಡಿದು ದೋಣಿಗೆ ಕಾಯುವ ಒಬ್ಬಳು ಬೇಕು, ನಿಮ್ಮ ಮಗಳನ್ನು ಕಳಿಸುತ್ತೀರಾ ಎಂದು ನುಮಾತಾ ಕೇಳಿದರು. ಅಕ್ಕನಿಗೆ ಆಗಲೇ ಶೀತವಾಗಿತ್ತು. ಆದರೂ ಅಪ್ಪ ಹೂಂ ಎಂದರು.

"ನನ್ನ ಮೂಗು ಕೆಂಪಗಾಗಿದೆ. ಮೂಗನ್ನೂ ಬರೀತಾರಾ?" ಎಂದು ಅಕ್ಕ ಕೇಳಿದಳು.

"ಕೊಡೆ ಇಳಿಸಿ ಹಿಡೀಬೇಕಮ್ಮ. ಮೂಗಿರಲಿ, ಮುಖವೇ ಕಾಣೋದಿಲ್ಲ," ಎಂದರು ನುಮಾತಾ.

"ಹಾಗಾದ್ರೆ ಬಿದಿರ ಗಳಕ್ಕೆ ಒಂದು ಕಿಮೊನೊ ಸುತ್ತಿ ನಿಲ್ಲಿಸಬಹುದಿತ್ತಲ್ಲ," ಎಂದಳು, ಮತ್ತೆ ತಾನೇ ನಕ್ಕಳು.

ಗುರುಗಳು ಚಹಾ ಗುಡಿಸಲಿನ ಮಾಡಿನ ಕೆಳಗೆ ಕುಳಿತರು. ಅಕ್ಕ ಯಾರೂ ತುಳಿಯದ ಹಿಮದ ಮೇಲೆ ಒಬ್ಬಳೇ ನಡೆದು ನದಿಯ ಅಂಚಿಗೆ ಹೋಗಿ ನಿಂತಳು. ಅವಳ ಹೆಜ್ಜೆಗಳೂ ಚಿತ್ರದಲ್ಲಿ ಬರಬೇಕಿತ್ತು, ಅವಳವು ಮಾತ್ರ. ನಾನು ಸುಟ್ಟ ಗೆಣಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದೆ. ಕೊಡಲು ಹೊರಟಾಗ ನುಮಾತಾ ನನ್ನ ತೋಳು ಹಿಡಿದರು.

"ಬೇಡ ಬೇಡ. ನಿನ್ನ ಹೆಜ್ಜೆ ಬಿದ್ರೆ ಎಲ್ಲ ಕೆಡುತ್ತೆ."

ಗೆಣಸು ನನ್ನ ಕೈಯಲ್ಲೇ ತಣ್ಣಗಾಯಿತು. ಗುರುಗಳು ಒಂದು ಹಾಳೆ ಬರೆದು, ಒಪ್ಪಿಗೆಯಾಗದೆ ಇನ್ನೊಂದು ಬರೆದರು. ಬೆಳಿಗ್ಗೆ ನಿಂತವಳು ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದಳು. ಮರದ ಮೆಟ್ಟಿನ ದಾರ ಅವಳ ಪಾದಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಬಿಡಿಸಲು ನಾನು ಬಿಸಿನೀರು ಹಾಕಬೇಕಾಯಿತು.

ಆ ವಾರವೇ ಜ್ವರ ಎದೆಗಿಳಿಯಿತು. ಚಳಿಗಾಲದ ಕೊನೆಗೆ ಪ್ಲಮ್ ಹೂ ಬಿಡುವ ಮೊದಲು ಅಕ್ಕ ತೀರಿಕೊಂಡಳು.

ಸುಡುಗಾಡಿನಿಂದ ಬಂದ ದಿನ ಅಪ್ಪ ಅಸತಾರೊ ಮಾಮನನ್ನೂ ಅಕ್ಕಪಕ್ಕದವರನ್ನೂ ಕೂರಿಸಿಕೊಂಡು ತಲೆಬಾಗಿ ಹೇಳಿದರು. "ಅಂಗಡಿಯವರಿಗಾಗಲಿ ಗುರುಗಳಿಗಾಗಲಿ ಇದು ಗೊತ್ತಾಗಬಾರದು."

"ಯಾಕೋ? ಅವರಿಗಾಗಿ ತಾನೆ ನಿಂತದ್ದು ಮಗು," ಎಂದರು ಅಸತಾರೊ ಮಾಮ.

"ಅದಕ್ಕೇ. ಹೇಳಿದ್ರೆ ಅವರ ಮೇಲೆ ತಪ್ಪು ಹೊರಿಸಿದ ಹಾಗೆ. ದುಡ್ಡಿಗೆ ಕೈ ಚಾಚಿದ ಹಾಗೆ. ಕಳಿಸಿದವನು ನಾನು."

ಅಂದಿನಿಂದ ನುಮಾತಾ ಬರುವ ಸದ್ದಾದರೆ ಅಪ್ಪ ಮೊದಲು ಒಳಕೋಣೆಗೆ ಹೋಗಿ ಬುದ್ಧನ ಗೂಡಿನ ಬಾಗಿಲು ಹಾಕುತ್ತಿದ್ದರು. ಸತ್ತವರಿಗೆಂದು ಇಡುವ, ಅಕ್ಕನ ಹೆಸರು ಬರೆದ ಪುಟ್ಟ ಕರಿಹಲಗೆ ಅದರಲ್ಲಿತ್ತು.

ಗುರುಗಳ ಚಿತ್ರ ಬೇಸಿಗೆಗೆ ಸ್ವಲ್ಪ ಮುಂಚೆ ಕೆತ್ತನೆಗೆ ಬಂತು. ಹಿಮದ ಚಿತ್ರಗಳನ್ನು ಯಾವಾಗಲೂ ಸೆಕೆಯಲ್ಲೇ ಕೆತ್ತುವುದು, ಚಳಿಗಾಲಕ್ಕೆ ಮಾರಾಟಕ್ಕಿರಬೇಕು. ತೆಳ್ಳನೆಯ ಕಾಗದದಲ್ಲಿ ಬರೆದ ಚಿತ್ರವನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಕಾಗದದ ಬೆನ್ನನ್ನು ಬೆರಳಿನಿಂದ ಉಜ್ಜಿ ಉಜ್ಜಿ ಸವೆಸುತ್ತಾರೆ. ಗೆರೆ ಮಾತ್ರ ಮರದ ಮೇಲೆ ಉಳಿಯುತ್ತದೆ. ಇದು ಗೆರೆಯ ಹಲಗೆ, ಒಂದೊಂದು ಬಣ್ಣಕ್ಕೂ ಬೇರೆ ಹಲಗೆ ಇರುತ್ತದೆ. ಕೆತ್ತಿ ಮುಗಿಯುವಷ್ಟರಲ್ಲಿ ಗುರುಗಳು ಬರೆದದ್ದರ ಒಂದು ಚೂರೂ ಇರುವುದಿಲ್ಲ. ಆಮೇಲೆ ಆ ಚಿತ್ರ ಇರುವುದು ಮರದಲ್ಲಿ ಮಾತ್ರ.

ಅಪ್ಪ ದೋಣಿ ಕೆತ್ತಿದರು, ಗುಡಿಸಲು ಕೆತ್ತಿದರು, ಒಣಗಿದ ವಿಲೋ ಮರದ ಕೊಂಬೆಗಳನ್ನೆಲ್ಲ ಕೆತ್ತಿದರು. ಅಕ್ಕನನ್ನು ಕೊನೆಗಿಟ್ಟರು. ನೀರು ತುಂಬಿದ ಗಾಜಿನ ಬುರುಡೆಯಿಂದ ಬೆಳಕು ಹಲಗೆಯ ಮೇಲೆ ಒಂದೆಡೆ ಬೀಳುವಂತೆ ಮಾಡಿಕೊಂಡು ಕೊಡೆಯ ಕಡ್ಡಿಗಳನ್ನು ಒಂದೊಂದಾಗಿ ಕೆತ್ತಿದರು. ಮುಖ ಇರಲಿಲ್ಲ ನಿಜ. ಆದರೆ ಕೊಡೆಯ ಅಂಚಿಗೂ ಕಾಲರಿಗೂ ನಡುವೆ ಒಂದು ಬೆರಳಗಲ ಕತ್ತು ಕಾಣುತ್ತಿತ್ತು, ಅಲ್ಲಿ ಜಡೆಗೆ ಸಿಗದ ನಾಲ್ಕು ಕೂದಲು. ಅಕ್ಕನನ್ನು ಬಲ್ಲವರಿಗೆ ಅಷ್ಟು ಸಾಕಿತ್ತು. ಅಪ್ಪ ಉಸಿರು ಹಿಡಿದು ಆ ಕೂದಲುಗಳನ್ನು ಕೆತ್ತಿದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಮುಗಿದ ಮೇಲೆ ಹಲಗೆಯ ಪುಡಿಯನ್ನು ಊದಿ, ನನ್ನ ಕಡೆ ತಿರುಗಿಸಿ ತೋರಿಸಿದರು. ಮೊದಲೆಂದೂ ಹಾಗೆ ತೋರಿಸಿದವರಲ್ಲ.

ಚಿತ್ರ ಅಚ್ಚಾದ ಮೇಲೆ ಒಂದು ಹಾಳೆ ನಮಗೆ ಸಿಗಬಹುದು ಎಂದುಕೊಂಡಿದ್ದೆ. ಅಪ್ಪನೂ ಹಾಗೇ ಅಂದುಕೊಂಡಿದ್ದಿರಬೇಕು. ಬಾಯಿಬಿಟ್ಟು ಹೇಳಲಿಲ್ಲ.

ಒಂದು ಮಧ್ಯಾಹ್ನ ನುಮಾತಾ ಗೆರೆಯ ಹಲಗೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದರು. ಬೀಸಣಿಗೆ ಬೀಸಿಕೊಳ್ಳುತ್ತ ಹೊಸ್ತಿಲ ಮೇಲೇ ಕುಳಿತರು. ನಾನು ಬಾರ್ಲಿ ನೀರು ತಂದಿಟ್ಟೆ.

"ಕೆಲಸ ಅಂದ್ರೆ ಇದು ತೊಕುಜಿ ಅವರೇ. ಪರೀಕ್ಷೆಗೆ ಒತ್ತಿದ ಹಾಳೆ ನೋಡಿ ಗುರುಗಳು ತುಂಬಾ ಮೆಚ್ಚಿದ್ರು. ಒಂದೇ ಒಂದು ಸಣ್ಣ ವಿಷಯ. ಈ ಹುಡುಗಿ ಬೇಡವಂತೆ."

ಅಪ್ಪ ಬಟ್ಟೆಯ ಗಂಟು ಬಿಚ್ಚಿ ಹಲಗೆ ಹೊರತೆಗೆದರು.

"ಸಮುದ್ರದ ಆಚೆ ನಮ್ಮ ಚಿತ್ರ ಮಾರೋರು ಹೇಳಿ ಕಳಿಸಿದ್ದಾರೆ. ಅವರಿಗೆ ಬರೀ ಹಿಮ ಬೇಕು. ಮನುಷ್ಯರಿದ್ರೆ ಗಿರಾಕಿ ಯೋಚನೆ ಮಾಡ್ತಾನಂತೆ, ಇವಳು ಯಾರು, ಎಲ್ಲಿಗೆ ಹೊರಟಿದ್ದಾಳೆ ಅಂತ. ಯೋಚನೆ ಮಾಡಿದವನು ಕೊಳ್ಳೋದಿಲ್ಲ."

"ಗುರುಗಳು ಏನಂದ್ರು?"

"ಅವರೇನಂತಾರೆ, ನಕ್ಕರು. ಹುಡುಗಿ ಹಿಂದೆ ಬರೀ ಹಿಮ ತಾನೆ, ತೆಗೆದ್ರೆ ಆಯ್ತು ಅಂದ್ರು."

ಅದು ನಿಜ. ಅವಳ ಹಿಂದೆ ಹಿಮ ಬಿಟ್ಟು ಬೇರೇನೂ ಇರಲಿಲ್ಲ. ಗೋಡೆಯೋ ಬೇಲಿಯೋ ಇದ್ದಿದ್ದರೆ ಹಲಗೆಗೆ ಹೊಸ ತುಂಡು ಕೂರಿಸಿ ಅದನ್ನು ಕೆತ್ತಬೇಕಾಗುತ್ತಿತ್ತು, ಅಷ್ಟು ಶ್ರಮ ಯಾಕೆಂದು ಬಿಟ್ಟುಬಿಡುತ್ತಿದ್ದರೋ ಏನೋ.

"ಎಲ್ಲಿ, ದೊಡ್ಡವಳು ಕಾಣ್ತಾ ಇಲ್ಲ?" ನುಮಾತಾ ಒಳಗೆ ಇಣುಕಿದರು.

"ಚೀಬಾಕ್ಕೆ ಹೋಗಿದ್ದಾಳೆ. ನನ್ನ ತಂಗಿ ಮನೆಗೆ."

"ಬೇಜಾರು ಮಾಡ್ಕೋತಾಳೆ, ಪಾಪ. ಅಷ್ಟು ಹೊತ್ತು ನಿಂತಿದ್ಲು."

"ಇಲ್ಲ. ಮಾಡ್ಕೊಳ್ಳೋದಿಲ್ಲ," ಎಂದರು ಅಪ್ಪ.

ಈಗಲೇ ಕೆಲಸ ಮುಗಿಸಿ ಕೊಟ್ಟರೆ ಹಲಗೆ ತೆಗೆದುಕೊಂಡೇ ಹೋಗುತ್ತೇನೆಂದು ನುಮಾತಾ ಕುಳಿತೇ ಇದ್ದರು. ಹಲಗೆ ಅಂಗಡಿಯದು. ಅದರಿಂದ ಬರುವ ಒಂದೊಂದು ಹಾಳೆಯೂ ಅಂಗಡಿಯದು. ಹಿಂದೆ ಒಬ್ಬ ಕೆತ್ತನೆಯವನು ತನಗಾಗಿ ಗುಟ್ಟಾಗಿ ಒಂದು ಹಾಳೆ ಒತ್ತಿಕೊಂಡದ್ದು ತಿಳಿದು ಇಡೀ ಊರಿನಲ್ಲಿ ಅವನಿಗೆ ಯಾರೂ ಮತ್ತೆ ಕೆಲಸ ಕೊಡಲಿಲ್ಲ. ತೆಗೆಯುವ ಮೊದಲು ಒಂದು ಹಾಳೆ ಒತ್ತಿಕೊಳ್ಳುತ್ತೇವೆ ಎಂದು ಕೇಳಿದ್ದರೆ ನುಮಾತಾ ಬೇಡ ಎನ್ನುತ್ತಿರಲಿಲ್ಲ. ಆದರೆ ಯಾಕೆ ಎಂದು ಕೇಳುತ್ತಿದ್ದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಉಳಿ ತೆಗೆದುಕೊಂಡು ಹಲಗೆಯ ಮೇಲೆ ಬಾಗಿದರು. ಆಮೇಲೆ ಉಳಿ ಕೆಳಗಿಟ್ಟು, ಹಲಗೆಯನ್ನು ನನ್ನ ಮುಂದಕ್ಕೆ ಸರಿಸಿದರು.

"ಫುಕಿ. ಮರ ತೆಗೆಯೋದು ನಿನ್ನ ಕೆಲಸ."

ಮೊದಲು ಕೊಡೆ ತೆಗೆದೆ. ಆಮೇಲೆ ತೋಳು, ಸೆರಗಿನಂತೆ ಇಳಿಬಿದ್ದ ಅಂಗಿಯ ತೋಳಿನ ತುದಿ, ಪಾದ. ಕತ್ತಿನ ಕೂದಲು ಎರಡು ಏಟಿಗೆ ಹೋಯಿತು. ಚೆರಿ ಮರ ಗಟ್ಟಿ ಎನ್ನುತ್ತಾರೆ, ಗೆರೆಯಾಗಿ ಉಳಿದ ಮರ ಅಷ್ಟೇನೂ ಗಟ್ಟಿಯಿರುವುದಿಲ್ಲ. ಚೂರುಗಳನ್ನು ಅಪ್ಪ ಅಂಗೈಯಲ್ಲಿ ಒಟ್ಟುಮಾಡಿಕೊಂಡರು. ಎಲ್ಲಿ ಹಾಕಬೇಕೆಂದು ತೋಚದೆ ಅತ್ತಿತ್ತ ನೋಡಿದರು. ಕೊನೆಗೆ ಎಂದಿನಂತೆ ಕೆಂಡದ ಮೇಲೆ ಹಾಕಿದರು.

ಕೆಲವು ದಿನಗಳ ಮೇಲೆ ಅಸತಾರೊ ಮಾಮ ಹೇಳಿ ಕಳಿಸಿದರು. ಅಪ್ಪನ ಜೊತೆ ನಾನೂ ಹೋದೆ. ಅಲ್ಲಿ ನುಮಾತಾ ಒಂದು ಹಸಿ ಹಾಳೆಯನ್ನು ಬೆಳಕಿಗೆ ಹಿಡಿದು ನಗುತ್ತಿದ್ದರು.

"ಬನ್ನಿ ಬನ್ನಿ, ನೋಡಿ. ನಿಮ್ಮ ಹುಡುಗಿ ಆಕಾಶಕ್ಕೆ ಹಾರಿಹೋಗಿದ್ದಾಳೆ."

ಹಾಳೆಯಲ್ಲಿ ಅಕ್ಕ ಇರಲಿಲ್ಲ. ಅವಳ ಹೆಜ್ಜೆಗಳಿದ್ದವು. ಗುಡಿಸಲಿನ ಹತ್ತಿರದಿಂದ ಒಂದರ ಹಿಂದೊಂದು ನದಿಯ ಕಡೆಗೆ ಹೋಗಿ, ನೀರಿಗಿಂತ ಸ್ವಲ್ಪ ಈಚೆಗೆ ನಿಂತುಬಿಟ್ಟಿದ್ದವು. ಮುಂದೆ ಏನೂ ಇಲ್ಲ. ಅವಳ ಬಟ್ಟೆ, ಕೊಡೆಗಳ ಬಣ್ಣದ ಹಲಗೆಗಳನ್ನು ಮಾಮ ಒತ್ತಿರಲಿಲ್ಲ. ಆದರೆ ಹೆಜ್ಜೆಗಳು ಗೆರೆಯ ಹಲಗೆಯಲ್ಲಿರಲಿಲ್ಲ. ಮಾಡಿನ ನೆರಳಿನ ಜೊತೆ ತಿಳಿಬೂದು ಬಣ್ಣದ ಹಲಗೆಯಲ್ಲಿದ್ದವು. ಅದನ್ನು ಗುರುಗಳೂ ಮರೆತಿದ್ದರು, ನುಮಾತಾ ಮರೆತಿದ್ದರು, ಅಪ್ಪನೂ. ನಾನೂ ಮರೆತಿದ್ದೆ.

ಯಾರೂ ನಗದಿದ್ದಾಗ ನುಮಾತಾಗೆ ಇರಿಸುಮುರಿಸಾಯಿತು. "ಯಾಕೆ, ಎಲ್ಲರೂ ಸಾವಿನ ಮನೇಲಿ ಕೂತ ಹಾಗೆ ಕೂತಿದ್ದೀರಿ?"

"ನುಮಾತಾ ಅವರೇ, ನಿಮಗೊಂದು ಮಾತು," ಎಂದು ಅಸತಾರೊ ಮಾಮ ಎದ್ದರು. "ಆ ಹುಡುಗಿ—"

"ಅಸತಾರೊ," ಎಂದರು ಅಪ್ಪ. ದನಿ ಏರಿಸಲಿಲ್ಲ. ಮಾಮ ನಿಂತವರು ಕುಳಿತರು. ಬಣ್ಣದ ಬಟ್ಟಲನ್ನು ಸುಮ್ಮನೆ ಕಲಕತೊಡಗಿದರು.

"ಹೆಜ್ಜೆಗಳನ್ನೂ ತೆಗೆಸಿಕೊಡ್ತೀನಿ. ನಮ್ಮದೇ ತಪ್ಪು," ಎಂದು ಅಪ್ಪ ಹಣೆ ಚಾಪೆಗೆ ತಾಗುವಷ್ಟು ಬಾಗಿದರು.

ಹೆಜ್ಜೆಗಳನ್ನೂ ನಾನೇ ತೆಗೆದೆ. ಆಮೇಲೆ ಹಿತ್ತಲಲ್ಲಿ ಮಾಮ ಒಬ್ಬರೇ ಕಾಗದ ಒದ್ದೆ ಮಾಡುತ್ತಿದ್ದಾಗ ಹೋಗಿ ನಿಂತೆ. ನಾನೇಕೆ ಬಂದೆನೆಂದು ಅವರಿಗೆ ಗೊತ್ತಾಯಿತು.

"ಇಲ್ಲ ಮಗಳೇ. ಮಿನೆ ಇದ್ದ ಹಾಳೆಗಳನ್ನೆಲ್ಲ ಅಂಗಡಿಯವರು ಎಣಿಸಿ ತಗೊಂಡು ಹೋದ್ರು, ಕೆಟ್ಟ ಹಾಳೇನೂ ಬಿಡಲಿಲ್ಲ. ಅವೆಲ್ಲ ಸುಟ್ಟಿರ್ತಾರೆ. ನಾನಾದ್ರೂ ಒಂದು ಬಚ್ಚಿಡಬಹುದಿತ್ತು, ಹೊಳೀಲೇ ಇಲ್ಲ. ಬಣ್ಣ ನೋಡ್ತಾ ಇದ್ದೆ. ಆಳನ್ನ ನೋಡಲಿಲ್ಲ." ಅವರು ಒದ್ದೆ ಕೈಯನ್ನು ತೊಡೆಗೆ ಒರೆಸಿಕೊಂಡರು. "ಇನ್ನು ಬಿಟ್ಟುಬಿಡು."

ಆ ಚಿತ್ರ ಚೆನ್ನಾಗಿ ಮಾರಾಟವಾಯಿತಂತೆ. ನದಿ, ದೋಣಿ, ಗುಡಿಸಲು, ಹಿಮ. ನಾನು ಮನಸ್ಸಿನಲ್ಲಿ ಅಕ್ಕನನ್ನು ಅಲ್ಲಿ ನಿಲ್ಲಿಸಿ ನೋಡಿಕೊಳ್ಳುತ್ತಿದ್ದೆ. ಚಳಿಗಾಲ ಬರುವಷ್ಟರಲ್ಲಿ ಕೊಡೆ ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ ಎಂದು ಅನುಮಾನ ಬರಲು ಶುರುವಾಯಿತು. ಹಲಗೆಯಲ್ಲಿ ಎಲ್ಲವೂ ತಿರುವುಮುರುವಾಗಿರುತ್ತದೆ. ಅಮ್ಮನ ಮುಖ ಹೋದಂತೆಯೇ ಇದೂ ಹೋಗುತ್ತಿದೆ ಎಂದು ತಿಳಿಯಿತು.

ಹೊಸ ವರ್ಷದ ಅಕ್ಕಿಕಡುಬು ತಿಂದು ಮುಗಿಸಿದ ದಿನಗಳಲ್ಲಿ ನುಮಾತಾ ಮತ್ತೆ ಬಂದರು.

"ಸಮುದ್ರದ ಆಚೆಯವರು ಹೋದ ವರ್ಷ ಮನುಷ್ಯರು ಬೇಡ ಅಂದ್ರು. ಈಗ ಖಾಲಿ ಹಿಮ ಸಾಕಾಯ್ತು, ಕೊಡೆ ಹಿಡಿದ ಹೆಣ್ಣು ಬೇಕು ಅಂತಾರೆ. ಅವರ ಹೊಟ್ಟೆಗೆ ಏನು ಸೇರುತ್ತೋ ದೇವರೇ ಬಲ್ಲ. ನಾಳೆ ಹಿಮ ಬೀಳೋ ಹಾಗಿದೆ. ಅದೇ ಜಾಗ. ದೊಡ್ಡವಳನ್ನ ಕಳಿಸಿಕೊಡಿ."

"ಅವಳು ಬಂದಿಲ್ಲ ಇನ್ನೂ," ಎಂದರು ಅಪ್ಪ. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಚಿಕ್ಕವಳನ್ನ ಕಳಿಸ್ತೀನಿ."

ಬೆಳಿಗ್ಗೆ ಅಪ್ಪ ತಮ್ಮ ಹತ್ತಿಯ ದಪ್ಪ ಒಳಅಂಗಿಯನ್ನು ನನಗೆ ಕೊಟ್ಟು, ಅದರ ಮೇಲೆ ಅಕ್ಕನ ಬಟ್ಟೆ ಉಡಿಸಿದರು. ದೋಣಿಗಟ್ಟೆಯಲ್ಲಿ ಯಾರೂ ತುಳಿಯದ ಹಿಮದ ಮೇಲೆ ನಾನೊಬ್ಬಳೇ ನಡೆದು ನದಿಯ ಅಂಚಿಗೆ ಹೋದೆ. ಗುರುಗಳು ಮಾಡಿನ ಕೆಳಗೆ ಕುಳಿತು ಹಾಳೆ ಬಿಡಿಸಿದರು.

"ನೀನು ತಂಗಿ ಅಲ್ವಾ?" ಎಂದು ಅಲ್ಲಿಂದಲೇ ಕೇಳಿದರು. "ಅಕ್ಕನಿಗೆ ಮದುವೆ ಆಯ್ತಾ? ಒಳ್ಳೆ ನಗುಮುಖದ ಹುಡುಗಿ."

ನಾನು ಏನೋ ಹೇಳಿದೆ.

"ಜೋರಾಗಿ ಹೇಳಮ್ಮ. ಹಿಮ ಬೀಳುವಾಗ ಕೇಳಿಸೋದಿಲ್ಲ."

"ಅಕ್ಕ ಇಲ್ಲ," ಎಂದೆ. ಅಷ್ಟು ದೊಡ್ಡ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. "ಸತ್ತುಹೋದಳು. ಹೋದ ವರ್ಷ ಇಲ್ಲಿ ನಿಂತಳಲ್ಲ, ಅದಾದ ಮೇಲೆ ಜ್ವರ ಬಂತು."

ನುಮಾತಾ ಕೈಯಲ್ಲಿದ್ದ ಚಹಾ ಹಾಗೇ ಹಿಡಿದುಕೊಂಡು ನಿಂತರು. ಗುರುಗಳು ಎದ್ದು ಟೋಪಿ ತೆಗೆದು ನನ್ನ ಕಡೆಗೆ ನಡೆದು ಬಂದರು. ತುಳಿದ ಹಿಮ ಮುಗಿದು ತುಳಿಯದ ಹಿಮ ಶುರುವಾಗುವಲ್ಲಿ ನಿಂತರು. ಅದರ ಮೇಲೆ ಕಾಲಿಡಲಿಲ್ಲ. ಅಲ್ಲೇ ಬಾಗಿದರು, ತುಂಬ ಹೊತ್ತು. ಅವರ ನೆತ್ತಿಯ ಮೇಲೆ ಹಿಮ ಕೂತಿತು.

"ಯಾರೂ ಹೇಳಲಿಲ್ಲ ನನಗೆ," ಎಂದರು. "ಹೇಳಿದ್ರೆ ನಾನು ಅವಳನ್ನ ತೆಗೆಸ್ತಾ ಇರಲಿಲ್ಲ. ಬಾ ತಾಯಿ, ಸಾಕು. ಒಳಗೆ ಬಾ."

ನನ್ನ ಪಾದಗಳು ಆಗಲೇ ಮರಗಟ್ಟಿದ್ದವು. ನಾನು ಹೋದರೆ ಹಿಮದ ಮೇಲೆ ಬಂದ ಹೆಜ್ಜೆಯೂ ಹೋದ ಹೆಜ್ಜೆಯೂ ಉಳಿದು ಚಿತ್ರ ಕೆಡುತ್ತದೆ, ಅವತ್ತಿಗೆ ಅಲ್ಲಿ ಯಾರೂ ನಿಲ್ಲುವಂತಿಲ್ಲ.

"ಬರೀರಿ," ಎಂದೆ. "ಈ ಸಲ ತೆಗೀಬೇಡಿ."

ಗುರುಗಳು ನುಮಾತಾ ಕಡೆ ತಿರುಗಿದರು. ನುಮಾತಾ ಆಕಾಶ ನೋಡಿ, "ಹಿಮ ಕಡಿಮೆಯಾಗ್ತಾ ಇದೆ ಗುರುಗಳೇ," ಎಂದು ಮೆಲ್ಲಗೆ ಹೇಳಿದರು. ಗುರುಗಳು ಹೋಗಿ ಕುಳಿತರು. ಟೋಪಿಯ ಹಿಮ ಕೊಡವಿ ಮತ್ತೆ ಹಾಕಿಕೊಂಡರು. ಆಮೇಲೆ ಪೆನ್ಸಿಲ್ ತೆಗೆದುಕೊಂಡರು.

"ಕೊಡೆ ಸ್ವಲ್ಪ ಇಳಿಸಮ್ಮ," ಎಂದರು.

ಇಳಿಸಿದೆ. ನನಗೆ ಕೊಡೆಯ ಒಳಮೈ, ಎಣ್ಣೆಕಾಗದ, ಕಡ್ಡಿಗಳು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಮನೆಗೆ ಬಂದಾಗ ಅಪ್ಪ ಬಿಸಿನೀರಿನ ಬೋಗುಣಿ ಸಿದ್ಧವಾಗಿಟ್ಟುಕೊಂಡು ಕುಳಿತಿದ್ದರು. ನನ್ನ ಪಾದಗಳನ್ನು ತಾವೇ ಹಿಡಿದು ಅದರಲ್ಲಿಟ್ಟರು.

"ಅಕ್ಕನ ಬಗ್ಗೆ ಕೇಳಿದ್ರಾ?"

"ಕೇಳಿದ್ರು. ಹೇಳಿಬಿಟ್ಟೆ."

ಅಪ್ಪನ ಕೈ ನಿಂತಿತು. "ಗುರುಗಳಿಗೆ ವಯಸ್ಸಾಗಿದೆ. ಇನ್ನು ಆ ಜಾಗಕ್ಕೆ ಹೋದಾಗಲೆಲ್ಲ ನೆನಪಾಗುತ್ತೆ ಅವರಿಗೆ," ಎಂದರು. ಮತ್ತೆ ನೀರು ಹಾಕಿದರು. ಆ ರಾತ್ರಿ ನನಗೆ ಸ್ವಲ್ಪ ಕೆಮ್ಮು ಬಂದಾಗ ಅಪ್ಪ ಎದ್ದು ಕುಳಿತದ್ದು ಕಂಡಿತು. ಕೆಮ್ಮು ಬೆಳಿಗ್ಗೆಗೆ ಹೋಯಿತು.

ಆ ಚಿತ್ರವನ್ನೂ ಅಪ್ಪನೇ ಕೆತ್ತಿದರು, ಸುತ್ತಲಿನ ಮರ ನಾನು ತೆಗೆದೆ. ಈ ಸಲ ಯಾರೂ ಏನನ್ನೂ ತೆಗೆಯಲು ಹೇಳಲಿಲ್ಲ. ಮೊದಲ ಹಾಳೆಗಳು ಒಣಗಿದ ಮೇಲೆ ನುಮಾತಾ ಒಂದು ಪೊಟ್ಟಣ ಊದುಬತ್ತಿಯನ್ನೂ ಗುರುಗಳ ಮುದ್ರೆಯಿದ್ದ ಒಂದು ಹಾಳೆಯನ್ನೂ ತಂದು ಅಪ್ಪನ ಮುಂದಿಟ್ಟರು. ಅಪ್ಪ ಎರಡೂ ಕೈಗಳಿಂದ ತೆಗೆದುಕೊಂಡರು. ಅಂದು ಬುದ್ಧನ ಗೂಡಿನ ಬಾಗಿಲು ಹಾಕಲಿಲ್ಲ. ಹಾಳೆಯನ್ನು ಅಕ್ಕನ ಹೆಸರಿನ ಹಲಗೆಯ ಪಕ್ಕದಲ್ಲಿ ಒರಗಿಸಿಟ್ಟರು.

ಅಸತಾರೊ ಮಾಮ ಬಂದು ಗಂಟೆ ಬಾರಿಸಿ ಕೈಮುಗಿದರು. ಆ ಹಾಳೆ ಒತ್ತಿದವರು ಅವರೇ.

"ಮಿನೆ ಹೀಗೇ ನಿಲ್ತಾ ಇದ್ಲು, ಅಲ್ವೇನೋ ತೊಕು?"

"ಹೌದು," ಎಂದರು ಅಪ್ಪ. "ಹೀಗೇ."

ನಾನು ಚಹಾ ತಟ್ಟೆ ಹಿಡಿದು ಅವರಿಬ್ಬರ ಹಿಂದೆ ನಿಂತಿದ್ದೆ. ಇಬ್ಬರೂ ತಿರುಗಿ ನೋಡಲಿಲ್ಲ.

ಚಿತ್ರದಲ್ಲಿ ಕೊಡೆಯ ಕೆಳಗೆ ಮುಖ ಕಾಣುವುದಿಲ್ಲ, ಕತ್ತೂ ಕಾಣುವುದಿಲ್ಲ. ಕೊಡೆಯ ಹಿಡಿಯ ಮೇಲೆ ಒಂದು ಕೈಯಿದೆ. ಅದರ ತೋರುಬೆರಳಿನ ಗಿಣ್ಣು ನನ್ನದರಂತೆಯೇ ಉಳಿ ಹಿಡಿದು ಹಿಡಿದು ದಪ್ಪಗಾದದ್ದು. ಗುರುಗಳು ಹಾಗೆ ಬರೆದಿರಲಿಲ್ಲ, ಅವರ ಗೆರೆ ನೇರವಾಗಿತ್ತು. ಆ ಗಂಟನ್ನು ಕೆತ್ತಿದವರು ಅಪ್ಪ. ಬೆಳಿಗ್ಗೆ ಪಾತ್ರೆಯಿಂದ ತೆಗೆದ ಮೊದಲ ಅನ್ನವನ್ನು ಅದರ ಮುಂದಿಟ್ಟು, ಊದುಬತ್ತಿ ಹಚ್ಚಿ, ನಾನು ಕೈಮುಗಿಯುತ್ತೇನೆ.